ಕರೆಂಟು, ಟವರು, ನೀರು: ಗಡಿಯಾರ ಹಿಡಿದು ಹಾಕಿದ ಲೆಕ್ಕ

ಪಟ್ಟಣದಲ್ಲಿ ಯಾವುದು ಕೆಟ್ಟರೆ ಏನೇನು ನಿಲ್ಲುತ್ತದೆ ಎಂಬ ಮೊದಲ ವರದಿ ಹಿಡಿದು ಹೋದಾಗ ಮೀಟಿಂಗಿನಲ್ಲಿದ್ದ ಹಿರಿಯ ಎಂಜಿನಿಯರೊಬ್ಬರು ನಕ್ಕರು. "ಸ್ಟೇಷನ್ ಕೆಟ್ರೆ ಊರು ಕತ್ತಲಾಗುತ್ತೆ ಅಂತ ಹೇಳೋಕೆ ನಿಮಗೆ ಕಂಪ್ಯೂಟರ್ ಬೇಕಾಯ್ತಾ?"

ತಪ್ಪು ಅವರದ್ದಲ್ಲ. ಐದು ತಿಂಗಳು ಕೂತು ನಮ್ಮ ಮಲೆನಾಡಿನ ಪಟ್ಟಣದ ಕರೆಂಟಿನ ಫೀಡರು, ನೀರೆತ್ತುವ ಜಾಕ್‌ವೆಲ್, ಮೊಬೈಲ್ ಟವರುಗಳನ್ನೆಲ್ಲ ಚುಕ್ಕಿ-ಗೆರೆಗಳ ಗ್ರಾಫಿಗೆ ಹಾಕಿ ಪೈಥಾನಿನಲ್ಲಿ ಸೆಂಟ್ರಾಲಿಟಿ, ಅಂದರೆ ಜಾಲದಲ್ಲಿ ಯಾವುದು ಎಷ್ಟು ಮುಖ್ಯ ಅನ್ನುವ ಅಂಕಿ, ತೆಗೆದಿದ್ದೆ. ಪಟ್ಟಿಯಲ್ಲಿ ಮೊದಲಿಗೆ ಬಂದದ್ದು ಊರಿಗೆ ಕರೆಂಟು ಕೊಡುವ 66/11 ಕೆವಿ ಸ್ಟೇಷನ್. ಕೈಯಿಂದ ಹೋದದ್ದು ಹೆಚ್ಚುಕಡಿಮೆ 45,000 ರೂಪಾಯಿ.

ಎರಡನೇ ಪೆಟ್ಟು ನಕ್ಷೆ ನಂಬಿದ್ದಕ್ಕೆ. ಜಾಕ್‌ವೆಲ್‌ಗೆ ಎರಡು 11 ಕೆವಿ ಲೈನು ಅಂತ ನಕ್ಷೆಯಲ್ಲಿತ್ತು. ಲೈನ್‌ಮನ್ ಬೈಕಿನ ಹಿಂದೆ ಕೂತು ಹೋಗಿ ನೋಡಿದರೆ, ಹಳ್ಳ ದಾಟುವಲ್ಲಿ ನಾಲ್ಕು ಕಂಬದುದ್ದಕ್ಕೂ ಎರಡೂ ಲೈನು ಒಂದೇ ಕಂಬದ ಮೇಲೆ! ಪಕ್ಕದಲ್ಲಿ ಬುಡ ಟೊಳ್ಳಾದ ಧೂಪದ ಮರ. "ಇದು ಎರಡಲ್ಲ ಸಾರ್, ಒಂದೂವರೆ" ಅಂದ ಅವನು. 2022ರ ಸೆಪ್ಟೆಂಬರಿನಲ್ಲಿ ಮಳವಳ್ಳಿ ಹತ್ತಿರದ ತೊರೆಕಾಡನಹಳ್ಳಿ ಪಂಪ್‌ಹೌಸಿಗೆ ಮಳೆನೀರು ನುಗ್ಗಿ ಬೆಂಗಳೂರಿನ ಹಲವೆಡೆ ನಲ್ಲಿ ಒಣಗಿದ್ದು ನೆನಪಾಯಿತು: ಒಂದು ಜಾಗ ಕೆಟ್ಟರೆ ಸಾಕು. ಅಲ್ಲಿ ನೀರು ಹೆಚ್ಚಾಗಿಯೇ ನಲ್ಲಿ ನೀರು ನಿಂತುಹೋಗಿತ್ತು.

ಆಮೇಲೆ ಗ್ರಾಫು ಬಿಟ್ಟು ಗಡಿಯಾರ ಹಿಡಿದೆ. ಕರೆಂಟು ಹೋದ ಮೇಲೆ ಯಾವುದು ಎಷ್ಟು ಹೊತ್ತು ಉಸಿರು ಹಿಡಿದಿರುತ್ತದೆ? ಎಕ್ಸೆಲ್ಲಿನಲ್ಲಿ ಅದೊಂದೇ ಕಾಲಂ. ಟವರ್ ಬ್ಯಾಟರಿ ಕಾಗದದ ಮೇಲೆ ನಾಲ್ಕು ತಾಸು. ಮಳೆಗಾಲದ ರಾತ್ರಿಗಳಲ್ಲಿ ಎರಡು ಸಿಮ್ ಇಟ್ಟುಕೊಂಡು ಕೊಡೆ ಹಿಡಿದು ನಿಂತು ನೋಡಿದೆ: ಗುಡ್ಡದ ಟವರು ಸುಮಾರು ಒಂದೂ ಮುಕ್ಕಾಲು ತಾಸಿಗೇ ಸಾಯುತ್ತಿತ್ತು. ಉಳಿದ ಟವರುಗಳ ಅಂಕಿ ಎದ್ದು ಹೋಗದೆ, ಮನೆಯಲ್ಲೇ ಕೂತು ಹೇಗೆ ತೆಗೆದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಈ ನಡುವೆ ಹಾಲಿನ ಡೇರಿಯ ಬಿಎಂಸಿ (ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕು) ಎಷ್ಟು ಹೊತ್ತು ತಣ್ಣಗಿರುತ್ತದೆ ಅಂತಲೂ ಥರ್ಮಾಮೀಟರ್ ಇಟ್ಟು ಅಳೆದೆ. ಉಪಯೋಗಕ್ಕೆ ಬರಲಿಲ್ಲ, ಕಾಫಿ ಚೆನ್ನಾಗಿ ಕೊಟ್ಟರು.

ಹಾಳೆ ತುಂಬಿದಾಗ ಗಂಟು ಕಂಡಿತು. ಲೈನ್‌ಮನ್ ಎಲ್‌ಸಿ, ಅಂದರೆ ಲೈನ್ ಬಂದ್ ಆಗಿದೆ, ಕೆಲಸ ಮಾಡಬಹುದು ಎಂಬ ಸ್ಟೇಷನ್ನಿನ ಒಪ್ಪಿಗೆ, ಕೇಳುವುದು ಮೊಬೈಲಿನಲ್ಲಿ. ಟವರು ಸತ್ತರೆ ಎಲ್‌ಸಿ ಇಲ್ಲ, ಎಲ್‌ಸಿ ಇಲ್ಲದೆ ಕಂಬ ಹತ್ತುವಂತಿಲ್ಲ, ಕಂಬ ಹತ್ತದೆ ಟವರಿಗೆ ಕರೆಂಟಿಲ್ಲ. ಬಾಡಿಗೆ ಜನರೇಟರಿಗೆ ಡೀಸೆಲ್ ತರೋಣವೆಂದರೆ ಬಂಕಿನಲ್ಲಿ ಯುಪಿಐ ಸತ್ತಿರುತ್ತದೆ, ಡ್ರೈವರ್ ಜೇಬಿನಲ್ಲಿ ನೂರು ರೂಪಾಯಿ. ಅಂದರೆ ಮೊದಲ ಒಂದೂ ಮುಕ್ಕಾಲು ತಾಸಿನಲ್ಲಿ ಮುಗಿಯದ ರಿಪೇರಿ ಬೆಳಗಾಗುವವರೆಗೂ ಮುಗಿಯುವುದಿಲ್ಲ ಅಂತ ಬರೆದುಕೊಟ್ಟೆ. ಯಾರೂ ಓದಲಿಲ್ಲ.

ಜುಲೈನಲ್ಲಿ ಒಂದು ರಾತ್ರಿ ಒಂಬತ್ತಕ್ಕೆ ಕರೆಂಟು ಹೋಯಿತು. ಟವರು ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಬಿತ್ತು. ನನ್ನ ಲೆಕ್ಕಕ್ಕೆ ಐದು ನಿಮಿಷದ ವ್ಯತ್ಯಾಸ. ಲೈನ್‌ಮನ್ ಎಲ್‌ಸಿ ಕೇಳಲು ಬೈಕಿನಲ್ಲಿ ಸ್ಟೇಷನ್‌ಗೇ ಹೋಗಿಬಂದ. ನಲ್ಲಿಗೆ ನೀರು ಬಂದದ್ದು ಮೂರನೇ ದಿನ.

ಮರುವಾರ ಅದೇ ಎಂಜಿನಿಯರ್ ಫೋನ್ ಮಾಡಿ, "ಆ ಎಕ್ಸೆಲ್ ಒಂದು ವಾಟ್ಸಾಪ್ ಮಾಡ್ರಿ" ಅಂದರು. ಮಾಡಿದೆ, ಫಾರ್ಮುಲಾ ತೆಗೆದು. ಗುಡ್ಡದ ಟವರಿನ ಬ್ಯಾಟರಿ ಬದಲಾಗಿದೆ, ಬಂಕಿನಲ್ಲಿ ಪುರಸಭೆಗೆ ಸಾಲದ ಪುಸ್ತಕ ತೆರೆದಿದ್ದಾರೆ. ಧೂಪದ ಮರ ಕಡಿಯಲು ಕಾಗದ ಹೋಗಿದೆ.