ಮೈಸೂರಿನ ಬಾಗಿಲು ದುಬೈನಲ್ಲಿ ಸೊಟ್ಟಗಾಗದಿರಲು

‘ವಿದೇಶಕ್ಕೆ ಬಾಗಿಲು, ಕಿಟಕಿ ಕಳಿಸಬೇಕು. ಯಾವ ಯಾವ ಕಾಗದ ಬೇಕು?’ ಮೈಸೂರಿನ ಹೆಬ್ಬಾಳು, ಹೂಟಗಳ್ಳಿ ಕಡೆಯ ಮರಗೆಲಸದವರು ನನ್ನ ಬಳಿ ಬಂದು ಮೊದಲು ಕೇಳುವುದೇ ಇದನ್ನು. ಮರದಲ್ಲಿ ಎಷ್ಟು ನೀರಿರಬೇಕು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಕಾಗದ ತಪ್ಪಿದರೆ ಸರಕು ನಾಲ್ಕು ದಿನ ತಡವಾಗುತ್ತದೆ. ನೀರಿನ ಲೆಕ್ಕ ತಪ್ಪಿದರೆ ಕಂಟೇನರ್ ತುಂಬ ಸೌದೆ ಕಳಿಸಿದಂತೆ.

ಮೊದಲು, ಏನನ್ನು ಕಳಿಸಬಹುದು ಎಂಬುದು. ಇಲ್ಲಿನ ದಿಮ್ಮಿ, ನಾಟಾಗಳ ರಫ್ತಿಗೆ ನಿಷೇಧವಿದೆ, ಆ ಆಸೆ ಬಿಡಿ. ಕಳಿಸಬೇಕಾದದ್ದು ಸಿದ್ಧ ಸರಕು: ಬಾಗಿಲು, ಕಿಟಕಿ, ಚೌಕಟ್ಟುಗಳಿಗೆ ಸುಂಕದ ಪಟ್ಟಿಯ ಶೀರ್ಷಿಕೆ ಸಂಖ್ಯೆ 4418, ನೆಲಹಾಸಿನ ಪಟ್ಟಿ, ಅಂಚುಪಟ್ಟಿಗಳಿಗೆ 4409. ಮೈಸೂರಿನವರಿಗೆ ಬಾಗಿಲ ನಡುವೆ ಒಂದಿಷ್ಟು ಬೀಟೆ ಕೂರಿಸದಿದ್ದರೆ ಸಮಾಧಾನವಿಲ್ಲ. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ, ಅಪಾಯದಲ್ಲಿರುವ ಸಸ್ಯ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಮೊದಲ ಆರ್ಡರಿನಲ್ಲಿ ಅದರ ಚೂರೂ ಬೇಡ. ತೇಗ ಹಿಡಿಯಿರಿ. ಅದೂ ಸರ್ಕಾರಿ ಡಿಪೊ ಹರಾಜಿನದಾಗಿರಲಿ. ರಸೀದಿ, ಸಾಗಣೆ ರಹದಾರಿ ಎರಡೂ ಕಡತದಲ್ಲಿರಲಿ. ಅಮೆರಿಕ 2008ರಲ್ಲಿ ಅಕ್ರಮ ವನ್ಯಜೀವಿ ವ್ಯಾಪಾರ ತಡೆಯುವ ತನ್ನ ಲೇಸಿ ಕಾಯ್ದೆಯನ್ನು ಮರಕ್ಕೂ ವಿಸ್ತರಿಸಿದೆ, ಯುರೋಪಿನವರೂ ಮರದ ಮೂಲ ಕೇಳುತ್ತಾರೆ. ‘ಗೊತ್ತಿರುವವರ ತೋಟದ ಮರ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಕಾಗದಪತ್ರದ ಕೆಲಸ ನಿಜಕ್ಕೂ ಸುಲಭ. ಪ್ಯಾನ್ ಆಧಾರದ ಮೇಲೆ ಆನ್‌ಲೈನ್‌ನಲ್ಲಿ ಆಮದು-ರಫ್ತು ಸಂಕೇತ ಸಂಖ್ಯೆ, ವಿದೇಶಿ ಹಣ ಪಡೆಯುವ ಬ್ಯಾಂಕ್ ಶಾಖೆಯಿಂದ ಅದನ್ನು ಗುರುತಿಸುವ ಎಡಿ ಕೋಡ್, ತೆರಿಗೆ ಕಟ್ಟದೆ ರಫ್ತು ಮಾಡಲು ಜಿಎಸ್‌ಟಿಯ ಮುಚ್ಚಳಿಕೆ. ಉಳಿದದ್ದನ್ನು ಕಸ್ಟಮ್ಸ್ ಏಜೆಂಟರು ನೋಡಿಕೊಳ್ಳುತ್ತಾರೆ.

ಅಳತೆಯ ಬಗ್ಗೆಯೂ ಒಂದು ಮಾತು. ನಮ್ಮ ಏಳಡಿ-ಮೂರಡಿ ಲೆಕ್ಕ ಅಲ್ಲಿಗೆ ಹೊಂದುವುದಿಲ್ಲ. ಬ್ರಿಟನ್ನಿನ ಸಾಮಾನ್ಯ ಬಾಗಿಲು 1981 ಮಿ.ಮೀ. ಎತ್ತರ, 762 ಮಿ.ಮೀ. ಅಗಲ. ಮಿಲಿಮೀಟರ್‌ನಲ್ಲಿರುವ ನಕ್ಷೆಗೆ ಗ್ರಾಹಕರ ಸಹಿ ಪಡೆಯಿರಿ. ಎಡಗೈ ಬಾಗಿಲು, ಬಲಗೈ ಬಾಗಿಲು ಎಂದಷ್ಟೇ ಬರೆದರೆ ಸಾಲದು, ಯಾವ ಕಡೆ ನಿಂತು ನೋಡಿದಾಗ ಎಂಬುದೂ ಇರಬೇಕು.

ಈಗ ಒಣಗಿಸುವ ವಿಚಾರ. ಮೈಸೂರಿನ ಶೆಡ್ಡಿನಲ್ಲಿ ಗಾಳಿಗೆ ಒಣಗಿದ ಮರದಲ್ಲಿ ಸುಮಾರು ಶೇ 12ರಿಂದ 14ರಷ್ಟು ತೇವ ಉಳಿದಿರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ನಮ್ಮ ಊರಿಗೆ ಅದು ಸಾಕು. ಆದರೆ ದುಬೈ, ಮಸ್ಕತ್ತಿನ ಮನೆಗಳ ಒಳಗೆ ಹವಾನಿಯಂತ್ರಣ ನಿಲ್ಲುವುದೇ ಇಲ್ಲ. ಅಲ್ಲಿ ಮರ ಶೇ 8-9ಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಬಿಸಿಮಾಡುವ ಅಮೆರಿಕದ ಮನೆಗಳಲ್ಲಿ ಇನ್ನೂ ಕೆಳಕ್ಕೆ. ಶೇ 14ರಿಂದ 8ಕ್ಕೆ ಇಳಿದರೆ 300 ಮಿ.ಮೀ. ಅಗಲದ ತೇಗದ ಹಲಗೆ ಮೂರೂವರೆ ಮಿ.ಮೀ.ವರೆಗೂ ಕುಗ್ಗಬಹುದು. ನನ್ನ ಮೊದಲ ಸರಕಿನಲ್ಲಿ ಆದದ್ದು ಇದೇ. ಗ್ರಾಹಕರು ಕಳಿಸಿದ ಚಿತ್ರದಲ್ಲಿ ಹಲಗೆಯ ಸಂದಿನಿಂದ ಆಚೆ ಬದಿಯ ದೀಪ ಕಾಣುತ್ತಿತ್ತು.

ಆದ್ದರಿಂದ ಭಟ್ಟಿಯಲ್ಲಿ, ಅಂದರೆ ಶಾಖ ಕೊಡುವ ಮುಚ್ಚಿದ ಕೋಣೆಯಲ್ಲಿ, ಒಣಗಿಸಲೇಬೇಕು. ‘ಸೀಸನ್ ಆದ ಮರ’ ಎಂದು ಮಾರುವವರ ಮಾತು ನಂಬಬೇಡಿ. ಹೆಚ್ಚಿನ ಕಡೆ ಅದರರ್ಥ ಅಂಗಡಿಯ ಹಿಂದೆ ಒಂದು ಬೇಸಿಗೆ ಬಿದ್ದಿತ್ತು ಎಂದಷ್ಟೇ. ಹಲಗೆಗಳೆಲ್ಲ ಒಂದೇ ದಪ್ಪದವಿರಲಿ. ನಡುನಡುವೆ ಒಣಗಿದ ರೀಪರ್‌ಗಳನ್ನು ಒಂದೂವರೆ ಅಡಿಗೊಂದರಂತೆ, ಮೇಲಿನದು ಕೆಳಗಿನದರ ನೇರಕ್ಕೇ ಬರುವಂತೆ ಇಡಿ. ಸಾಲು ತಪ್ಪಿದಲ್ಲಿ ಹಲಗೆ ಬಾಗುತ್ತದೆ. ತುದಿಗಳಿಗೆ ಮೇಣ ಬಳಿಯಿರಿ, ರಾಶಿಯ ಮೇಲೆ ಭಾರ ಹೇರಿ. ಶಾಖವನ್ನು ನಿಧಾನವಾಗಿ ಏರಿಸಿ. ಅವಸರ ಮಾಡಿದರೆ ಹೊರಮೈ ಒಣಗಿ ಬಿಗಿದುಕೊಳ್ಳುತ್ತದೆ, ಒಳಗಿನ ತೇವ ಹಾಗೇ ಉಳಿಯುತ್ತದೆ. ಪತ್ತೆ ಹಚ್ಚುವುದು ಹೀಗೆ: ಹಲಗೆಯ ಅಡ್ಡ ತುಂಡೊಂದನ್ನು ಕೊಯ್ದು, ನಡುಭಾಗ ತೆಗೆದು ಕವೆಯಂತೆ ಮಾಡಿ. ಅದರ ಎರಡು ಕಾಲುಗಳು ಒಳಕ್ಕೆ ಬಾಗಿದರೆ ಮರದಲ್ಲಿ ಸೆಳೆತ ಉಳಿದಿದೆ ಎಂದರ್ಥ. ಮತ್ತೆ ಭಟ್ಟಿಗೆ ಹಾಕಿ ಹಬೆ ಕೊಡಿಸಿ.

ತೇವ ಅಳೆಯಲು ಎರಡು ಮುಳ್ಳಿನ ಅಗ್ಗದ ಮೀಟರ್ ಕೊಳ್ಳುವವರಿದ್ದಾರೆ. ಅದು ಹೇಳುವುದು ಚರ್ಮದ ಸುದ್ದಿ ಮಾತ್ರ. ನನಗೆ ತಕ್ಕಡಿಯೇ ಇಷ್ಟ. ತುದಿಯಿಂದ ಒಂದಡಿಯಾದರೂ ಒಳಗಿನ ತುಂಡನ್ನು ಕೊಯ್ದು ತಕ್ಷಣ ತೂಗಿ. 103 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 240 ಗ್ರಾಂ ಇದ್ದದ್ದು 214ಕ್ಕೆ ಇಳಿದರೆ ಹೋದ ನೀರು 26 ಗ್ರಾಂ. ಅದನ್ನು ಒಣ ತೂಕದಿಂದ, ಅಂದರೆ 214ರಿಂದ ಭಾಗಿಸಬೇಕು: ಶೇ 12. ಹಸಿ ತೂಕದಿಂದ ಭಾಗಿಸಿ ಶೇ 11 ಎಂದು ಬೀಗುವವರನ್ನು ನೋಡಿದ್ದೇನೆ. ಕೊಲ್ಲಿ ದೇಶಗಳಿಗೆ ಶೇ 8ರಿಂದ 10, ಅಮೆರಿಕಕ್ಕೆ 6ರಿಂದ 8 ನನ್ನ ಗುರಿ. ಭಟ್ಟಿ ಇಲ್ಲದವರು ಬಾಡಿಗೆಗೆ ಒಣಗಿಸಿಕೊಡುವವರನ್ನು ಹುಡುಕಿ. ಸಂದೇಹವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೇ ಇದೆ, ಹೋಗಿ ಕೇಳಿ.

ಇಷ್ಟು ಮಾಡಿ ಒಣ ಮರವನ್ನು ಆಷಾಢದ ಗಾಳಿಗೆ ತೆರೆದಿಟ್ಟರೆ ಅದು ಮತ್ತೆ ನೀರು ಕುಡಿಯುತ್ತದೆ. ಮುಚ್ಚಿದ ಕೋಣೆಯಲ್ಲೇ ಕೆಲಸ ಮುಗಿಸಿ, ಅದೇ ದಿನ ಪ್ಲಾಸ್ಟಿಕ್ ಸುತ್ತಿ. ಬಾಗಿಲ ನಡುವಿನ ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಸಡಿಲವಾಗಿ ಕೂರಿಸಿ; ಅಂಟು ಹಾಕಲೇಬೇಡಿ, ಹಿಗ್ಗಿ ಕುಗ್ಗಲು ಅದಕ್ಕೆ ಜಾಗ ಬೇಕು. ಜೋಡಿಸುವ ಮೊದಲೇ ಅದರ ಅಂಚಿಗೂ ಪಾಲಿಶ್ ಹೊಡೆಯಿರಿ. ಇಲ್ಲದಿದ್ದರೆ ಕುಗ್ಗಿದಾಗ ಬಿಳಿ ಗೆರೆ ಇಣುಕುತ್ತದೆ.

ಪ್ಯಾಕಿಂಗ್‌ನಲ್ಲಿ ಎಡವುವುದು ಪೆಟ್ಟಿಗೆಯ ಮರದಲ್ಲಿ. ಆರು ಮಿ.ಮೀ.ಗಿಂತ ದಪ್ಪದ, ಸಂಸ್ಕರಿಸದ ಮರದ ಪೆಟ್ಟಿಗೆ, ಪ್ಯಾಲೆಟ್‌ಗಳಿಗೆ, ಮರದೊಡನೆ ಕೀಟಗಳು ದೇಶ ದಾಟದಂತೆ ತಡೆಯುವ ಐಎಸ್‌ಪಿಎಂ-15 ಎಂಬ ಅಂತರರಾಷ್ಟ್ರೀಯ ನಿಯಮವಿದೆ: ತಿರುಳು 56 ಡಿಗ್ರಿ ಶಾಖದಲ್ಲಿ ಕನಿಷ್ಠ 30 ನಿಮಿಷ ಇರಬೇಕು, ತೆನೆ ಚಿಹ್ನೆಯ ಮುದ್ರೆ ಬೀಳಬೇಕು. ಮುದ್ರೆಯಿದ್ದ ಹಳೆಯ ಪ್ಯಾಲೆಟ್‌ಗೆ ಮುರಿದ ಕಡೆ ಗುಜರಿಯ ಹಲಗೆ ಬಡಿಯುವ ಜಾಣತನ ಬೇಡ, ಪೂರ್ತಿ ಸರಕೇ ವಾಪಸಾಗಬಹುದು. ನಾನಂತೂ ಪ್ಲೈವುಡ್ ಪೆಟ್ಟಿಗೆಯನ್ನೇ ಬಳಸುತ್ತೇನೆ, ಅದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಅದರ ಅಡಿಗೆ ಬಡಿಯುವ ಮರದ ಕಾಲುಗಳಿಗೆ ಮುದ್ರೆ ಬೇಕೇ ಬೇಕು.

ಖಾಲಿ ಕಂಟೇನರ್ ಬಂದೊಡನೆ ಒಬ್ಬರು ಒಳಗೆ ನಿಂತು ಬಾಗಿಲು ಹಾಕಿಸಿಕೊಳ್ಳಿ. ಎಲ್ಲಾದರೂ ಬೆಳಕು ಚುಕ್ಕೆಯಂತೆ ಕಂಡರೆ ಬೇರೆಯದು ತರಿಸಿ. ಸಮುದ್ರದಲ್ಲಿ ಒಳಗಿನ ಚಾವಣಿ ಬೆವರುವುದರಿಂದ ತೇವ ಹೀರುವ ಚೀಲಗಳನ್ನು ತೂಗುಹಾಕಿ. ಬೆಂಗಳೂರಿನ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೊ ಮೂಲಕ ಚೆನ್ನೈ ಬಂದರು ನನ್ನ ಆಯ್ಕೆ. ಮಂಗಳೂರು ಹತ್ತಿರವೇನೋ ಹೌದು, ಆದರೆ ಮಳೆಗಾಲದಲ್ಲಿ ಸಂಪಾಜೆ ಘಾಟಿಯನ್ನು ನಂಬಿ ಹಡಗಿನ ದಿನ ಗೊತ್ತುಮಾಡಲು ನನಗೆ ಧೈರ್ಯವಿಲ್ಲ.

ಹಣದ ಮಾತು ಚಿಕ್ಕದು. ಮುಂಗಡವಿಲ್ಲದೆ ಮರ ಕೊಯ್ಯಬೇಡಿ, ಉಳಿದದ್ದಕ್ಕೆ ಎಲ್‌ಸಿ, ಅಂದರೆ ಗ್ರಾಹಕರ ಬ್ಯಾಂಕು ಹಣಕ್ಕೆ ಹೊಣೆಯಾಗುವ ಪತ್ರ ಇರಲಿ. ಯುಎಇ ಜತೆಗಿನ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅಲ್ಲಿಗೆ ಕಳಿಸುವವರು ಅದರ ಸುಂಕ ರಿಯಾಯಿತಿಗಾಗಿ, ಸರಕು ಭಾರತದ್ದೇ ಎಂದು ತೋರಿಸುವ ಮೂಲ ಪ್ರಮಾಣಪತ್ರ ಮಾಡಿಸಲು ಮರೆಯಬೇಡಿ.

ಪ್ರತಿ ಭಟ್ಟಿಯಿಂದ ಗೇಣುದ್ದದ ತುಂಡೊಂದನ್ನು ಎತ್ತಿಟ್ಟು, ಅದರ ಮೇಲೆ ತಾರೀಖು, ತೇವಾಂಶ, ಆರ್ಡರಿನ ಸಂಖ್ಯೆ ಬರೆದಿಡಿ. ಆರು ತಿಂಗಳ ಮೇಲೆ ಬಿರುಕಿನ ಚಿತ್ರ ಬಂದಾಗ ಮೊದಲು ಹುಡುಕುವುದು ಅದನ್ನೇ.