ಒಂದು ದಿನ ಸೀಟಿ, ಒಂದು ದಿನ ಕ್ಯಾಮೆರಾ

ಬ್ಯಾಸ್ಕೆಟ್‌ಬಾಲ್ ರೆಫರಿ ಆಗಿ ನಿಂತ ಮೊದಲ ವರ್ಷ ನನ್ನ ಕಣ್ಣೆಲ್ಲ ಚೆಂಡಿನ ಮೇಲೇ ಇರುತ್ತಿತ್ತು. ಆಡಿ ಬಂದವನಲ್ವಾ, ತಾನಾಗೇ ಅಲ್ಲಿಗೆ ಹೋಗುತ್ತಿತ್ತು. ಒಂದು ಪಂದ್ಯದಲ್ಲಿ ಹುಡುಗನೊಬ್ಬ ಲೇ-ಅಪ್‌ಗೆ, ಅಂದರೆ ರಿಂಗ್ ಹತ್ತಿರಕ್ಕೇ ಓಡಿ ಚೆಂಡು ಹಾಕಲು, ಹಾರಿದ. ಚೆಂಡು ರಿಂಗ್‌ಗೆ ಬಡಿಯಿತು, ನಾನೂ ತಲೆ ಎತ್ತಿ ರಿಂಗ್ ನೋಡಿದೆ. ಅಷ್ಟರಲ್ಲಿ ಅವನು ಕೆಳಗೆ ಅಂಗಾತ ಬಿದ್ದಿದ್ದ. ಯಾರಾದರೂ ತಳ್ಳಿದರಾ, ತಾನೇ ಜಾರಿದನಾ, ನನಗೆ ಗೊತ್ತಾಗಲೇ ಇಲ್ಲ. ಸೀಟಿ ಊದಲಿಲ್ಲ. ಏಳುತ್ತಾ ಅವನು ನನ್ನ ಕಡೆ ನೋಡಿದ್ದು ಇವತ್ತಿಗೂ ಮರೆತಿಲ್ಲ.

ಆ ಸಂಜೆ ಹಿರಿಯ ರೆಫರಿಯೊಬ್ಬರು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. "ಚೆಂಡು ಫೌಲ್ ಮಾಡಲ್ಲಪ್ಪ. ಡಿಫೆಂಡರ್‌ನ ನೋಡು, ಎದುರು ನಿಂತು ತಡೆಯೋನನ್ನ. ಇಬ್ಬರ ನಡುವಿನ ಸಂದಿ ನಿನಗೆ ಕಾಣಬೇಕು. ಕಾಣ್ಲಿಲ್ಲ ಅಂದ್ರೆ ನೀನು ನಿಂತ ಜಾಗ ಸರಿ ಇಲ್ಲ" ಅಂದರು.

ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಇಬ್ಬರೇ ರೆಫರಿಗಳಿದ್ದಾಗ ಒಬ್ಬರು ರಿಂಗ್ ಹಿಂದಿನ ಗೆರೆ, ಅಂದರೆ ಬೇಸ್‌ಲೈನ್ ಹತ್ತಿರ, ಇನ್ನೊಬ್ಬರು ಆಟದ ಹಿಂದೆ. ಇಬ್ಬರು ಆಟಗಾರರು ನಿಮಗೆ ನೇರವಾಗಿ ಒಬ್ಬರ ಹಿಂದೊಬ್ಬರು ಬಂದರೆ ಮುಂದಿನವನ ಬೆನ್ನು ಬಿಟ್ಟು ಏನೂ ಕಾಣಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಸಂದಿ ತೆರೆದುಕೊಳ್ಳುತ್ತದೆ. ಆ ಒಂದು ಹೆಜ್ಜೆಗಾಗಿ ತಿಂಗಳುಗಟ್ಟಲೆ ಬೆಳಗ್ಗೆ ಆರಕ್ಕೇ ಸಿಮೆಂಟ್ ಕೋರ್ಟಿಗೆ ಹೋಗಿದ್ದೇನೆ. ಬಳ್ಳಾರಿಯ ಬೇಸಿಗೆ ಗೊತ್ತಲ್ವಾ, ಒಂಬತ್ತಕ್ಕೆಲ್ಲ ಸಿಮೆಂಟ್ ಹಂಚಿನ ಹಾಗೆ ಕಾಯುತ್ತದೆ. ಹುಡುಗರು ಸುಮ್ನೆ ಅಭ್ಯಾಸ ಮಾಡುತ್ತಿದ್ದರೆ ನಾನು ಸೀಟಿ ಇಲ್ಲದೆ ಬದಿಯಲ್ಲಿ ಓಡುತ್ತಾ ಡಿಫೆಂಡರ್‌ನ ಕಾಲನ್ನೇ ನೋಡುತ್ತಿದ್ದೆ.

ಕಾಲು ಯಾಕೆ ಅಂದರೆ, ಬ್ಲಾಕಿಂಗಾ ಚಾರ್ಜಿಂಗಾ ಅನ್ನುವುದು ಡಿಕ್ಕಿಗೆ ಮೊದಲೇ ತೀರ್ಮಾನ ಆಗಿರುತ್ತದೆ. ಡಿಫೆಂಡರ್ ಮೊದಲೇ ಬಂದು, ಎದುರು ಮುಖ ಮಾಡಿ, ಎರಡೂ ಕಾಲು ಊರಿದ್ದನಾ? ಎದುರಿನವನು ಹಾರುವ ಮೊದಲೇ ಅಲ್ಲಿದ್ದನಾ? ಹೊಡೆತ ಎದೆಗೆ ಬಿತ್ತಾ? ಹಾಗಿದ್ದರೆ ತಪ್ಪು ನುಗ್ಗಿದವನದು, ಅದು ಚಾರ್ಜಿಂಗ್. ತಡವಾಗಿ ಬಂದು ಸೊಂಟವನ್ನೋ ಮೊಣಕಾಲನ್ನೋ ಅಡ್ಡ ಚಾಚಿದ್ದರೆ ತಪ್ಪು ಡಿಫೆಂಡರ್‌ನದು, ಅದು ಬ್ಲಾಕಿಂಗ್. ರಿಂಗ್ ಕೆಳಗಿನ 1.25 ಮೀಟರ್ ತ್ರಿಜ್ಯದ ಅರ್ಧವೃತ್ತದಲ್ಲಿ ಅವನು ನಿಂತಿದ್ದರೆ, ಹಾರಿ ಬಂದವನಿಗೆ ಸಾಮಾನ್ಯವಾಗಿ ಚಾರ್ಜಿಂಗ್ ಕೊಡುವಂತಿಲ್ಲ. ಡಿಕ್ಕಿಯ ಸದ್ದು ಕೇಳಿದ ಮೇಲೆ ತಿರುಗಿ ನೋಡಿದರೆ ಇದ್ಯಾವುದೂ ಸಿಗಲ್ಲ.

ಸೀಟಿ ಬಗ್ಗೆ ಒಂದು ಮಾತು. ನನ್ನದು ಫಾಕ್ಸ್ 40, ಒಳಗೆ ಉರುಳುವ ಕಾಳಿಲ್ಲ. ಕೆನಡಾದ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೆ ಪಂದ್ಯದ ನಡುವೆ ಕಾಳಿನ ಸೀಟಿ ಕೈಕೊಟ್ಟಿತ್ತು. ಅದಕ್ಕೇ ಅವರು ಕಾಳಿಲ್ಲದ ಸೀಟಿ ಮಾಡಿಸಿದರು, 1987ರಲ್ಲಿ ಅದು ಹೊರಬಂತು. ನಮ್ಮೂರಿನ ಕೆಂಪು ಧೂಳಿಗೆ ಇದೇ ಸರಿ.

ರೆಫರಿ ಕೆಲಸ ಇಲ್ಲದ ದಿನ ಕ್ಯಾಮೆರಾ ಹಿಡಿದು ಬರುತ್ತೇನೆ. ಒಳಾಂಗಣದಲ್ಲಿ ಮೊದಲ ಸಲ ತೆಗೆದ ಫೋಟೊಗಳೆಲ್ಲ ಹಾಳಾದವು. ಶಟರ್ ಸೆಕೆಂಡಿನ 1/200ರಲ್ಲಿ ಇಟ್ಟಿದ್ದೆ. ಮುಖ ಸರಿ ಇದ್ದರೆ ಕೈ ಕಲಸಿಹೋಗಿತ್ತು, ಕೈ ಸರಿ ಇದ್ದರೆ ಚೆಂಡು. ಈಗ 1/800ಕ್ಕಿಂತ ಕೆಳಗೆ ಇಳಿಯಲ್ಲ. 85 ಎಂ.ಎಂ. ಲೆನ್ಸ್, ಲೆನ್ಸಿನ ಕಿಂಡಿ ಅಂದರೆ ಅಪರ್ಚರ್ ಎಫ್/2ರ ಆಸುಪಾಸು, ಬೆಳಕು ಸಾಲದಾಗ ಏರಿಸುವ ಐಎಸ್‌ಒ 3200ರಿಂದ 6400. ಫೋಟೊ ಸ್ವಲ್ಪ ರವೆ ರವೆಯಾಗುತ್ತದೆ, ಆಗಲಿ ಬಿಡಿ. ರವೆಯಾದದ್ದನ್ನು ಆಮೇಲೆ ನಯ ಮಾಡಬಹುದು, ಅಲುಗಿದ್ದನ್ನು ಯಾರಿಂದಲೂ ಸರಿ ಮಾಡಲಾಗಲ್ಲ.

ಜಾಸ್ತಿ ಕಾಡಿದ್ದು ದೀಪ. ಸಾಲಾಗಿ ತೆಗೆದ ಫೋಟೊಗಳಲ್ಲಿ ಒಂದು ಬೆಳ್ಳಗೆ, ಮುಂದಿನದು ಹಳದಿ, ಅದರ ಮುಂದಿನದು ಮಂಕು. ಕ್ಯಾಮೆರಾ ಕೆಟ್ಟಿದೆ ಅಂತ ರಿಪೇರಿಗೂ ಕೊಟ್ಟು ಬಂದೆ. ಅದು ಕೆಟ್ಟಿರಲಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್‌ನದು. ಹಾಲ್‌ಗಳಲ್ಲಿರುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆ ಆಗುತ್ತಿರುತ್ತವೆ. ಕಣ್ಣಿಗೆ ತಿಳಿಯಲ್ಲ, 1/800ರ ಶಟರ್‌ಗೆ ತಿಳಿಯುತ್ತದೆ. ಈಗಿನ ಹಲವು ಕ್ಯಾಮೆರಾಗಳಲ್ಲಿ ಆಂಟಿ-ಫ್ಲಿಕರ್ ಅಂತ ಇರುತ್ತದೆ, ಬೆಳಕು ಏರಿದ ಕ್ಷಣ ನೋಡಿ ಶಟರ್ ಬಿಡುತ್ತದೆ. ಅದನ್ನು ಆನ್ ಮಾಡಿ. ಫ್ಲಾಶ್ ಮಾತ್ರ ಬೇಡವೇ ಬೇಡ. ಫ್ರೀ ಥ್ರೋಗೆ ನಿಂತ ಹುಡುಗಿಯ ಕಣ್ಣಿಗೆ ಅದು ಹೊಡೆದರೆ ಹೇಗಿರುತ್ತದೆ ಯೋಚಿಸಿ.

ನಾನು ಕೂರುವುದು ಬೇಸ್‌ಲೈನಿನ ಮೂಲೆ ಕಡೆ, ನೆಲದ ಮೇಲೆ, ರೆಫರಿ ಓಡುವ ದಾರಿ ಬಿಟ್ಟು. ಅಲ್ಲೂ ನನ್ನ ಕಣ್ಣು ಡಿಫೆಂಡರ್ ಮೇಲೇ.

ಕಳೆದ ಸಲ ಪಂದ್ಯ ಮುಗಿದ ಮೇಲೆ ಸೋತ ತಂಡದ ಕೋಚ್ ಬಂದರು. ಸಿಟ್ಟಿನಲ್ಲಿದ್ದರು. ಕೊನೆಯ ನಿಮಿಷದ ಒಂದು ಶಾಟ್‌ಗೆ ರೆಫರಿ ಫೌಲ್ ಕೊಟ್ಟಿರಲಿಲ್ಲ. "ಸರ್, ಆ ಫೋಟೊ ನಿಮ್ಮ ಹತ್ರ ಇರ್ಬೇಕಲ್ಲ, ತೋರಿಸ್ರಿ" ಅಂದರು. ಇತ್ತು. ಶಾಟ್ ಹಾಕುವವಳ ಮಣಿಕಟ್ಟಿನ ಮೇಲೆ ಡಿಫೆಂಡರ್‌ನ ಬೆರಳು ಸ್ಪಷ್ಟವಾಗಿ ಕೂತಂತೆ ಕಾಣುತ್ತಿತ್ತು. "ನೋಡ್ರಿ ಮತ್ತೆ!" ಅಂದರು.

ಹಿಂದಿನದು, ಮುಂದಿನದು ಎರಡೂ ತೋರಿಸಿದೆ. ನನ್ನ ಕ್ಯಾಮೆರಾ ಸೆಕೆಂಡಿಗೆ ಎಂಟು ತೆಗೆಯುತ್ತದೆ. ಮುಂದಿನ ಫೋಟೊದಲ್ಲಿ ಚೆಂಡು ಆಗಲೇ ಗಾಳಿಯಲ್ಲಿತ್ತು, ಅವಳ ಮಣಿಕಟ್ಟು ಒಂಚೂರೂ ಅತ್ತಿತ್ತ ಸರಿಯದೆ ನೇರ ಮುಂದಕ್ಕೆ ಬಾಗಿತ್ತು, ಡಿಫೆಂಡರ್‌ನ ಕೈ ಅವಳ ಹಿಂದೆ ಇಳಿದಿತ್ತು. ನನ್ನ ನೇರಕ್ಕೆ ಒಂದರ ಹಿಂದೊಂದು ಬಂದ ಎರಡು ಕೈ ಫೋಟೊದಲ್ಲಿ ಅಂಟಿಕೊಂಡಿದ್ದವು. ನಡುವೆ ಗೇಣು ಜಾಗ ಇದ್ದರೂ ಹಾಗೇ ಕಾಣುತ್ತದೆ.

ಅವರು ಮೂರನ್ನೂ ತುಂಬ ಹೊತ್ತು ಹಿಂದೆ ಮುಂದೆ ಮಾಡಿ ನೋಡಿದರು. "ಹಂಗಾದ್ರೆ ನೀವು ಹೇಳ್ರಿ, ತಾಗಿತ್ತಾ ಇಲ್ವಾ?"

"ನಾನು ಕೂತಲ್ಲಿಂದ ಸಂದಿ ಕಾಣ್ತಿರಲಿಲ್ಲ ಸರ್" ಅಂದೆ. "ರೆಫರಿ ನಿಂತಲ್ಲಿಂದ ಕಾಣ್ತಿತ್ತು."