ಹಳೆಯ ಆಕ್ಸೆಸ್ ಫೈಲ್: ಬದಲಿಸುವ ಮೊದಲು ಒಳಗಿನ ಅಕ್ಷರ ನೋಡಿ

ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಫೀಸ್ 2016 ಮತ್ತು 2019ರ ಗಡುವೂ ಅದೇ ದಿನ. ಹಾಗಾಗಿ ಕಂಪ್ಯೂಟರ್ ಬದಲಿಸುತ್ತಿರುವ ಸಂಘಗಳ ಗ್ರಂಥಾಲಯಗಳಲ್ಲೂ ಸಣ್ಣ ಕಚೇರಿಗಳಲ್ಲೂ ಈಗ ಒಂದೇ ಚಿಂತೆ: ಇಪ್ಪತ್ತು ವರ್ಷಗಳ ಹಿಂದೆ ಯಾರೋ ಶ್ರದ್ಧೆಯಿಂದ ಮೈಕ್ರೋಸಾಫ್ಟ್ ಆಫೀಸಿನ ಡೇಟಾಬೇಸ್ ತಂತ್ರಾಂಶವಾದ ಆಕ್ಸೆಸ್‌ನಲ್ಲಿ ಕಟ್ಟಿಕೊಟ್ಟ ಪುಸ್ತಕಪಟ್ಟಿಯನ್ನು ಹೊಸ ತಂತ್ರಾಂಶಕ್ಕೆ ಒಯ್ಯಬೇಕೇ, ಇದ್ದ ಹಾಗೆ ಬಿಡಬೇಕೇ?

ಇಲ್ಲಿ ಎರಡು ಪ್ರಶ್ನೆಗಳಿವೆ. ಫೈಲ್ ಎಷ್ಟು ಹಳೆಯದು ಎಂಬುದು ಒಂದು, ಅದರೊಳಗಿನ ಕನ್ನಡ ಎಷ್ಟು ಹಳೆಯದು ಎಂಬುದು ಇನ್ನೊಂದು. ಹೆಚ್ಚಿನವರು ಮೊದಲನೆಯದಕ್ಕೆ ಉತ್ತರ ಹುಡುಕಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ನಿಜವಾದ ಕಷ್ಟವಿರುವುದು ಎರಡನೆಯದರಲ್ಲಿ.

ಮೊದಲು ಒಂದು ಪ್ರತಿ ತೆಗೆಯಿರಿ. ಫೈಲಿನ ಪಕ್ಕದಲ್ಲಿ ಅದೇ ಹೆಸರಿನ ‘ಎಲ್‌ಡಿಬಿ’ ಫೈಲ್ ಕಾಣಿಸಿದರೆ ಡೇಟಾಬೇಸನ್ನು ಯಾರೋ ತೆರೆದಿದ್ದಾರೆಂದು ಅರ್ಥ. ಅವರು ಮುಚ್ಚುವವರೆಗೆ ಕಾಯಿರಿ. ಟೇಬಲ್‌ಗಳ ಹೆಸರಿನ ಪಕ್ಕದಲ್ಲಿ ಸಣ್ಣ ಬಾಣದ ಗುರುತಿದ್ದರೆ ಮಾಹಿತಿ ಇರುವುದು ಬೇರೊಂದು ಫೈಲಿನಲ್ಲಿ. ಅದನ್ನೂ ಹುಡುಕಿ ಪ್ರತಿ ಮಾಡಿಕೊಳ್ಳಬೇಕು. ಇಲ್ಲವಾದರೆ ನಿಮ್ಮ ಕೈಗೆ ಬರುವುದು ಫಾರ್ಮ್‌ಗಳು ಮಾತ್ರ, ಪುಸ್ತಕಗಳ ವಿವರವಲ್ಲ.

ಇನ್ನು ಆ ಪ್ರತಿಯನ್ನು ಹೊಸ ಆಕ್ಸೆಸ್‌ನಲ್ಲಿ ತೆರೆದು ನೋಡಿ. ಹಿಂದಿನ ಆವೃತ್ತಿಯಲ್ಲಿ ಮಾಡಿದ ಫೈಲ್ ಎಂದು ಹೇಳಿ ತೆರೆಯಲು ನಿರಾಕರಿಸಿದರೆ ಅದು ಬಹುಶಃ ಆಕ್ಸೆಸ್ 97ರದ್ದು. 2013ರಿಂದ ಈಚಿನ ಆಕ್ಸೆಸ್ ಅದನ್ನು ತೆರೆಯುವುದೂ ಇಲ್ಲ, ಪರಿವರ್ತಿಸುವುದೂ ಇಲ್ಲ. ಹಾಗಿದ್ದರೆ ಬದಲಾವಣೆ ಅನಿವಾರ್ಯ. ಆಕ್ಸೆಸ್ 2007 ಅಥವಾ 2010 ಇರುವ ಕಂಪ್ಯೂಟರನ್ನು ಹುಡುಕಿ, ಅಲ್ಲಿ 2002–2003ರ ರೂಪದಲ್ಲಿ ಉಳಿಸಿಕೊಂಡು ಮುಂದೆ ಸಾಗಬೇಕು. ಅಂಥ ಕಂಪ್ಯೂಟರ್ ಸಿಗದಿದ್ದರೆ ಲಿನಕ್ಸ್‌ನಲ್ಲಿ ಓಡುವ ‘ಎಂಡಿಬಿ ಟೂಲ್ಸ್’ ಎಂಬ ಉಚಿತ ತಂತ್ರಾಂಶವಿದೆ. ಅದು ಟೇಬಲ್‌ಗಳನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯ) ಫೈಲ್‌ಗಳಾಗಿ ಹೊರತೆಗೆದುಕೊಡುತ್ತದೆ. ಫಾರ್ಮ್‌ಗಳನ್ನೂ ವರದಿಗಳನ್ನೂ ನೀವು ಹೊಸದಾಗಿ ಕಟ್ಟಿಕೊಳ್ಳಬೇಕಾಗುತ್ತದೆ.

ಫೈಲ್ 2000 ಅಥವಾ 2003ರ ಕಾಲದ್ದಾದರೆ ಅವಸರ ಬೇಡ. ‘ಎಂಡಿಬಿ’ ಎಂಬ ಹಳೆಯ ಫೈಲ್ ರೂಪದಲ್ಲೇ ಅದು ಇಂದಿನ ಆಕ್ಸೆಸ್‌ನಲ್ಲಿ ತೆರೆದುಕೊಳ್ಳುತ್ತದೆ. 2007ರಲ್ಲಿ ಬಂದ ‘ಎಸಿಸಿಡಿಬಿ’ ಎಂಬ ಹೊಸ ರೂಪಕ್ಕೆ ಬದಲಿಸಿದರೆ ಕಳೆದುಕೊಳ್ಳುವುದೂ ಇದೆ. ಗುಮಾಸ್ತರಿಗೆ ಇಷ್ಟು, ಕಾರ್ಯದರ್ಶಿಗೆ ಇಷ್ಟು ಎಂದು ಬಳಕೆದಾರರಿಗೆ ಬೇರೆ ಬೇರೆ ಅನುಮತಿ ಕೊಟ್ಟಿದ್ದರೆ ಆ ವ್ಯವಸ್ಥೆ ಹೊಸ ರೂಪದಲ್ಲಿ ಇಲ್ಲವೇ ಇಲ್ಲ. ಜಾಗ ಸಾಲದೆಂದು ಬದಲಿಸುವುದೂ ವ್ಯರ್ಥ, ಎರಡರ ಮಿತಿಯೂ 2 ಜಿಬಿಯೇ. ಫೈಲಿನ ಹೆಸರಿನ ಕೊನೆಯಲ್ಲಿ ‘ಎಂಡಿಇ’ ಎಂದಿದ್ದರೆ ಅದು ಕೋಡ್ ತಿದ್ದಲಾಗದಂತೆ ಮುಚ್ಚಿದ ಪ್ರತಿ, ಅದನ್ನು ಪರಿವರ್ತಿಸಲಾಗದು. ಮೂಲ ‘ಎಂಡಿಬಿ’ ಯಾರ ಬಳಿ ಇದೆಯೆಂದು ಕಟ್ಟಿಕೊಟ್ಟವರನ್ನೇ ಕೇಳಬೇಕು. ಹಳೆಯ ಕೋಡ್ 64 ಬಿಟ್ ಆಫೀಸ್‌ನಲ್ಲಿ ಮುಗ್ಗರಿಸಿದರೆ ಕೋಡ್ ತಿದ್ದುವ ಮೊದಲು 32 ಬಿಟ್ ಆಫೀಸ್ ಹಾಕಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಕನ್ನಡದ ಸಂಗತಿ

ಆಗಿನ ಕನ್ನಡ ಡೇಟಾಬೇಸ್‌ಗಳಲ್ಲಿ ಹಲವು ನುಡಿಯಂತಹ ಫಾಂಟ್‌ಗಳಲ್ಲಿ ತುಂಬಿದವು. ಅಲ್ಲಿ ಕಣ್ಣಿಗೆ ಕಾಣುವುದು ಕನ್ನಡ, ಒಳಗೆ ಕುಳಿತಿರುವುದು ಲ್ಯಾಟಿನ್ ಅಕ್ಷರಗಳು. ‘ಕನ್ನಡ’ ಎಂಬ ಪದದ ಮೊದಲ ನ ಒಳಗೆ ಪೌಂಡ್ ಹಣದ ಚಿಹ್ನೆಯಾಗಿದೆ, ಅದರ ಒತ್ತು ಜರ್ಮನ್ ಭಾಷೆಯ ಒಂದು ಅಕ್ಷರವಾಗಿದೆ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಗುರುತುಗಳ ಸಾಲು. ಆಕ್ಸೆಸ್‌ನ ಪರಿವರ್ತನೆ ಈ ಅಕ್ಷರಗಳನ್ನು ಮುಟ್ಟುವುದೇ ಇಲ್ಲ. ಫೈಲ್ ಹೊಸದಾಗುತ್ತದೆ, ಕನ್ನಡ ಹಳೆಯದಾಗಿಯೇ ಉಳಿಯುತ್ತದೆ. ಮೊಬೈಲಿನಲ್ಲಿ ಅದನ್ನು ಓದಲಾಗದು. ಇಂದು ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರಗಳಲ್ಲಿ ಟೈಪಿಸಿ ಹುಡುಕಿದರೆ ಪುಸ್ತಕ ಸಿಗದು. ಅಕಾರಾದಿಯಾಗಿ ಜೋಡಿಸಲು ಹೇಳಿದರೆ ಅದು ಜೋಡಿಸುವುದು ಒಳಗಿನ ಲ್ಯಾಟಿನ್ ಕ್ರಮದಲ್ಲಿ.

ಆದ್ದರಿಂದ ಪಟ್ಟಿಯನ್ನು ಒಬ್ಬರೇ, ಒಂದೇ ಕಂಪ್ಯೂಟರಿನಲ್ಲಿ ನೋಡುವುದಾದರೆ ಇದ್ದ ಹಾಗೆ ಇರಲಿ. ಓದುಗರಿಗೂ ಅದು ತೆರೆದಿರಬೇಕು, ಕೊಹಾದಂತಹ ಗ್ರಂಥಾಲಯ ತಂತ್ರಾಂಶಕ್ಕೆ ಮುಂದೊಮ್ಮೆ ಹೋಗಬೇಕು ಎನ್ನುವುದಾದರೆ ಯೂನಿಕೋಡ್‌ಗೆ ತರಲೇಬೇಕು. ಈ ಶ್ರಮ ಸಾರ್ಥಕವೆಂದೇ ನಾನು ನಂಬಿದ್ದೇನೆ.

ತರುವಾಗ ಇಡೀ ಟೇಬಲನ್ನು ಒಮ್ಮೆಗೇ ಪರಿವರ್ತಕಕ್ಕೆ (ಹಳೆಯ ಫಾಂಟಿನ ಕನ್ನಡವನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಕ್ಕೆ) ಸುರಿಯಬೇಡಿ. ನುಡಿಯಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’ ಎಂದರೆ ಕ. ಹೀಗಾಗಿ ಇಂಗ್ಲಿಷ್ ಪ್ರಕಾಶಕರ ಹೆಸರಿರುವ ಅಂಕಣವನ್ನೂ ಕೊಟ್ಟರೆ ಆ ಹೆಸರುಗಳೆಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಯಾವ ಅಂಕಣ ಕನ್ನಡ, ಯಾವುದು ಇಂಗ್ಲಿಷ್, ಯಾವುದು ಮಿಶ್ರ ಎಂದು ಕಾಗದದ ಮೇಲೆ ಮೊದಲು ಬರೆದುಕೊಳ್ಳಿ. ಮಿಶ್ರ ಅಂಕಣಗಳನ್ನು ಕೈಯಿಂದಲೇ ಬೇರ್ಪಡಿಸಬೇಕು, ಬೇರೆ ದಾರಿಯಿಲ್ಲ. ಸಿಎಸ್‌ವಿಗೆ ಕಳುಹಿಸುವಾಗ ಇಸವಿ ನಾಲ್ಕು ಅಂಕಿಗಳಲ್ಲಿರಲಿ. ಎರಡೇ ಅಂಕಿಗಳಿದ್ದರೆ 1928ರಲ್ಲಿ ಹುಟ್ಟಿದ ಹಿರಿಯ ಸದಸ್ಯರು ಮರಳಿ ಬರುವಾಗ 2028ರಲ್ಲಿ ಹುಟ್ಟಿರುತ್ತಾರೆ.

ಮೊದಲು ಐವತ್ತು ಸಾಲುಗಳನ್ನು ಮಾತ್ರ ಪರಿವರ್ತಿಸಿ, ಕನ್ನಡ ಚೆನ್ನಾಗಿ ಬಲ್ಲವರಿಂದ ಓದಿಸಿ. ಅರ್ಕಾವತ್ತಿನ ಪದಗಳ ಮೇಲೆ ವಿಶೇಷ ಗಮನವಿರಲಿ. ‘ಕರ್ನಾಟಕ’ದ ಅರ್ಕಾವತ್ತು ಹಳೆಯ ಫಾಂಟಿನಲ್ಲಿ ‘ನಾ’ದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಎಡವುವುದಿದ್ದರೆ ಇಲ್ಲಿ ಮತ್ತು ‘ಶಾಸ್ತ್ರ’ದಂತಹ ಎರಡು ಒತ್ತಿನ ಪದಗಳಲ್ಲಿ ಬೇಗ ಸಿಕ್ಕಿಬೀಳುತ್ತದೆ.

ಎಲ್ಲ ಸಾಲುಗಳೂ ಬಂದವೇ ಎಂದು ಹಳೆಯ, ಹೊಸ ಟೇಬಲ್‌ಗಳ ಲೆಕ್ಕ ತಾಳೆ ನೋಡಿ. ಒಂದು ತಿಂಗಳು ಎರಡನ್ನೂ ಜೊತೆಜೊತೆಯಾಗಿ ನಡೆಸಿ. ಆಮೇಲೂ ಮೂಲ ಫೈಲನ್ನು ಅಳಿಸಬೇಡಿ. ಅದಕ್ಕೆ ಬಳಸಿದ ಫಾಂಟನ್ನೂ ಅದೇ ಫೋಲ್ಡರಿನಲ್ಲಿಟ್ಟು, ಅಂಕಣಗಳ ವಿವರ ಬರೆದ ಆ ಕಾಗದವನ್ನು ಗ್ರಂಥಾಲಯದ ದಾಖಲೆಗಳ ಜೊತೆ ಸೇರಿಸಿಡಿ.